ದೇವಮಿತ್ರರ ಹಾಲ್ಟ್

ಸಕಲೇಶಪುರಕ್ಕೆ ಹೊಸದಾಗಿ ಬಂದವರು ಪೇಟೆಯಲ್ಲಿ ‘ಕ್ಯಾಪ್ಟನ್’ ಎಂಬ ಹೆಸರು ಕೇಳಿದರೆ ಸೈನ್ಯದಿಂದ ನಿವೃತ್ತರಾದವರು ಯಾರೋ ಇರಬೇಕು ಎಂದುಕೊಳ್ಳುತ್ತಾರೆ. ಎಬೆನೇಜರ್ ದೇವಮಿತ್ರರು ಸೈನ್ಯವನ್ನು ನೋಡಿದ್ದು ಒಂದೇ ಸಲ, ಹಾಸನದ ಸ್ಟೇಷನ್ನಿನಲ್ಲಿ, ಅದೂ ಎದುರಿನ ಪ್ಲಾಟ್‌ಫಾರ್ಮಿನಲ್ಲಿ. ಅವರು ಕ್ಯಾಪ್ಟನ್ ಆಗಿದ್ದು ಚರ್ಚಿನ ಬ್ರಿಗೇಡಿಗೆ. ಬ್ರಿಗೇಡ್ ಎಂದರೆ ಕ್ರೈಸ್ತ ಹುಡುಗರಿಗೆ ಸಮವಸ್ತ್ರ ತೊಡಿಸಿ, ಶನಿವಾರ ಸಂಜೆ ಡ್ರಿಲ್ ಮಾಡಿಸಿ, ಡ್ರಮ್ ಬಾರಿಸುವುದನ್ನೂ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಬೈಬಲ್ ವಾಕ್ಯಗಳನ್ನು ತಡವರಿಸದೆ ಒಪ್ಪಿಸುವುದನ್ನೂ ಕಲಿಸುವ ಸಂಸ್ಥೆ. ಊರೂರಿನ ತಂಡಕ್ಕೆ ಕಂಪನಿ ಎನ್ನುತ್ತಾರೆ. ಸಕಲೇಶಪುರದ ಕಂಪನಿಯನ್ನು ದೇವಮಿತ್ರರು ಮೀಸೆ ಕಪ್ಪಗಿದ್ದಾಗ ವಹಿಸಿಕೊಂಡರು. ಈಗ ಮೀಸೆ ಬೆಳ್ಳಗಾಗಿ, ಮತ್ತೆ ಕಪ್ಪಗಾಗಿ, ಹೆಂಡತಿ ಬೈದಮೇಲೆ ಪುನಃ ಬೆಳ್ಳಗಾಗಿದೆ.

ಹೊಟ್ಟೆಪಾಡಿಗೆ ಅವರು ಕಾಫಿ ಎಸ್ಟೇಟಿನಲ್ಲಿ ರೈಟರು. ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಕೂಗುವುದು, ಆಮೇಲೆ ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕು ಎಂದು ಹೇಳುವುದು. ಅವರು ‘ನಂಜಮ್ಮ’ ಎಂದು ಕೂಗಿದರೆ ತಮ್ಮ ಲೈನಿನ ನಂಜಮ್ಮನ ಜೊತೆಗೆ ಬೇಲಿಯಾಚೆಯ ಎಸ್ಟೇಟಿನ ನಂಜಮ್ಮನೂ ಓಗೊಡುತ್ತಿದ್ದಳು. ಅಂಥ ಗಂಟಲು. ಆದರೆ ಎಸ್ಟೇಟಿನ ಯಜಮಾನ ಮೋಹನ್ ಒಂದು ದಿನ ಹೆಬ್ಬೆಟ್ಟು ಒತ್ತುವ ಯಂತ್ರ ತಂದು ಸ್ಟೋರಿನ ಗೋಡೆಗೆ ಹಾಕಿಸಿದರು. ಅದಾದಮೇಲೆ ಎಸ್ಟೇಟಿನಲ್ಲಿ ದೇವಮಿತ್ರರ ದನಿಗೆ ಕೆಲಸ ಉಳಿಯಲಿಲ್ಲ. ವಾರವಿಡೀ ಕೂಡಿಟ್ಟದ್ದನ್ನು ಶನಿವಾರ ಹುಡುಗರ ಮೇಲೆ ಖರ್ಚು ಮಾಡುತ್ತಿದ್ದರು.

ಹುಡುಗರು ಎಂದರೆ ಈಗ ಎಲ್ಲ ಬಗೆಯವರೂ. ಚರ್ಚಿನ ಸಭೆಯಲ್ಲಿ ಮದುವೆಗಳು ಕಡಿಮೆಯಾಗಿ, ಆದ ಮದುವೆಗಳಿಗೂ ಒಂದೊಂದೇ ಮಗುವಾಗಿ, ಅದರಲ್ಲೂ ಅರ್ಧಕ್ಕರ್ಧ ಹೆಣ್ಣಾಗಿ, ಬರೀ ಕ್ರೈಸ್ತ ಹುಡುಗರನ್ನು ನಂಬಿಕೊಂಡರೆ ಕಂಪನಿ ಒಂದು ಆಟೋದಲ್ಲಿ ಹಿಡಿಯುತ್ತಿತ್ತು. ಹಾಗಾಗಿ ಡ್ರಮ್ಮಿನ ಆಸೆಗೆ ಬಂದವರನ್ನೆಲ್ಲ ಸೇರಿಸಿಕೊಂಡರು. ಮುಂದಿನ ಸಾಲಿನ ಸಾರ್ಜೆಂಟ್ ಲೋಹಿತ್, ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಅಂಗಡಿ ಇಟ್ಟಿರುವ ಗಂಗಾಮಣಿಯ ಮಗ. ದೊಡ್ಡ ಡ್ರಮ್ ಹೊರುವವನು ಉಮೇರ್, ಕಾಫಿ ವ್ಯಾಪಾರದ ಅಬ್ದುಲ್ ವಹಾಬರ ಮಗ. ಮಗನನ್ನು ಕರೆದುಕೊಂಡು ಬಂದ ದಿನ ವಹಾಬ್ ಚರ್ಚಿನ ಮೆಟ್ಟಿಲ ಕೆಳಗೇ ನಿಂತು, “ಕ್ಯಾಪ್ಟನ್ರೆ, ಡ್ರಮ್ ಬಾರಿಸಲಿ, ಬೈಬಲ್ ಹೇಳ್ಸಬೇಡಿ. ಮನೇಲಿ ಊಟದ ತಟ್ಟೆ ಬಾರಿಸೋದು ನಿಂತ್ರೆ ನನಗೆ ಅಷ್ಟೇ ಸಾಕು” ಎಂದಿದ್ದರು. ಉಳಿದವರು ವಾಕ್ಯ ಒಪ್ಪಿಸುವಾಗ ಉಮೇರ್ ಹೊರಗೆ ಕೂತು ಡ್ರಮ್ಮಿನ ಹಗ್ಗ ಬಿಗಿ ಮಾಡುತ್ತಿದ್ದ. ಕಿಟಕಿಯಿಂದ ಕೇಳಿ ಕೇಳಿ ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಬಾಯಿಗೆ ಬಂದಿತ್ತು. ಈ ವಿಷಯವನ್ನು ದೇವಮಿತ್ರರು ವಹಾಬರಿಗೆ ಹೇಳಲಿಲ್ಲ, ವಹಾಬರೂ ಕೇಳಲಿಲ್ಲ.

ದೇವಮಿತ್ರರ ಡ್ರಿಲ್ಲಿನಲ್ಲಿ ಬೇರೆ ಯಾವ ಊರಿನ ಕಂಪನಿಯಲ್ಲೂ ಇಲ್ಲದ ಒಂದು ಪಾಠವಿತ್ತು. ಹುಡುಗರು ಅದಕ್ಕೆ ಕಳ್ಳ ಹಾಲ್ಟ್ ಎನ್ನುತ್ತಿದ್ದರು. ಅದು ಹುಟ್ಟಿದ್ದು ಒಂದು ಅವಮಾನದಿಂದ. ಹಿಂದೊಮ್ಮೆ ಸ್ವಾತಂತ್ರ್ಯ ದಿನದ ಪೆರೇಡಿನಲ್ಲಿ, ಮುಂದೆ ಹೋಗಿ ತಮ್ಮ ಜಾಗ ಸೇರಿದ್ದ ಹೋಮ್‌ಗಾರ್ಡ್ ತಂಡಕ್ಕೆ ಅವರ ಅಧಿಕಾರಿ ಕೂಗಿದ ‘ಹಾಲ್ಟ್’ ಕೇಳಿ ಬ್ರಿಗೇಡಿನ ಹುಡುಗರು ವೇದಿಕೆಯ ಎದುರಿಗೇ ನಿಂತುಬಿಟ್ಟರು. ಹಿಂದಿನ ಶಾಲೆಯ ಮಕ್ಕಳು ಬಂದು ಇವರಿಗೆ ಗುದ್ದಿ, ಅವರಿಗೆ ಅವರ ಹಿಂದಿನವರು ಗುದ್ದಿ, ತಹಸೀಲ್ದಾರರು ಸೆಲ್ಯೂಟಿಗೆ ಎತ್ತಿದ ಕೈ ಇಳಿಸಲಾರದೆ ನಿಂತಿದ್ದರು. ಮುಂದಿನ ಶನಿವಾರದಿಂದಲೇ ದೇವಮಿತ್ರರು ಮದ್ದು ಶುರುಮಾಡಿದರು. ಹುಡುಗರು ಮಾರ್ಚ್ ಮಾಡುತ್ತಿರುವಾಗ ಬೇರೆ ಯಾರಾದರೂ ಬಂದು ಹಾಲ್ಟ್ ಎಂದು ಕೂಗಬೇಕು. ನಿಂತವನು ಆ ವಾರ ಎಲ್ಲ ಡ್ರಮ್ಮುಗಳ ಹಿತ್ತಾಳೆ ತಿಕ್ಕಬೇಕು.

ಕೂಗುವುದಕ್ಕೆ ಊರಿನಲ್ಲಿ ಜನಕ್ಕೇನೂ ಕೊರತೆಯಿರಲಿಲ್ಲ. ಆಟೋದವರು ಕೂಗಿದರು, ಅಂಚೆಯವನು ಕೂಗಿದ, ಚರ್ಚಿನ ಪಾದ್ರಿಗಳಾದ ಸಭಾಪಾಲಕರು ಸಂಕೋಚದಿಂದ ಕೂಗಿದರು. ವಹಾಬರಂತೂ ಶನಿವಾರ ಅಂಗಡಿಯನ್ನು ಬೇರೆಯವರಿಗೆ ಒಪ್ಪಿಸಿ ಬಂದು ಕೂಗುತ್ತಿದ್ದರು. ಬಗೆಬಗೆಯಾಗಿ, ಅಳುವಂತೆ, ಗದರಿಸುವಂತೆ, ಕೊನೆಗೆ ಲಾರಿಯ ಹಾರ್ನ್ ಸಮೇತ. ಕೈ ಅಡ್ಡ ಹಿಡಿದು ತೋರಿಸಿದರೂ ನಿಲ್ಲುವಂತಿಲ್ಲ, ಕ್ಯಾಪ್ಟನ್ನರೇ ನಿಂತರೂ ನಿಲ್ಲುವಂತಿಲ್ಲ. “ಕಣ್ಣಿಂದ ಕೇಳೋದಾಗಿದ್ರೆ ದೇವರು ಕಿವಿ ಯಾಕೆ ಕೊಡ್ತಿದ್ದ” ಎಂದು ದೇವಮಿತ್ರರು ಹೇಳುತ್ತಿದ್ದರು. ವರ್ಷ ತುಂಬುವುದರೊಳಗೆ ಹುಡುಗರು ಎಷ್ಟು ಪಳಗಿದರೆಂದರೆ, ದೇವಮಿತ್ರರ ಗಂಟಲಿನಿಂದ ಬಾರದ ಹಾಲ್ಟ್ ಅವರ ಪಾಲಿಗೆ ಕಾಗೆಯ ಕೂಗಿಗೆ ಸಮವಾಯಿತು. ಆ ಗಂಟಲು ಕೆಟ್ಟರೆ ಏನು ಗತಿ ಎಂದು ಯಾರೂ ಯೋಚಿಸಲಿಲ್ಲ. ದೇವಮಿತ್ರರಂತೂ ಯೋಚಿಸಲೇ ಇಲ್ಲ.

ಕೆಟ್ಟಿತು. ಕಳೆದ ಕ್ರಿಸ್ಮಸ್ಸಿನ ಕ್ಯಾರಲ್ಸ್ ಮುಗಿದಮೇಲೆ ದನಿ ಒಡೆಯಿತು, ಮತ್ತೆ ಕೂಡಲಿಲ್ಲ. ಏಪ್ರಿಲಿನಲ್ಲಿ ಹಾಸನಕ್ಕೆ ಹೋದಾಗ ಡಾಕ್ಟರು ಮೂಗಿನೊಳಗೆ ನಳಿಕೆ ಬಿಟ್ಟು, ಪರದೆಯ ಮೇಲೆ ಎರಡು ಗಂಟು ತೋರಿಸಿದರು. ಕೆಟ್ಟ ಕಾಯಿಲೆಯಲ್ಲ, ಕೂಗಿ ಕೂಗಿ ಆದದ್ದು ಎಂದರು. ಆರು ತಿಂಗಳು ಜೋರಾಗಿ ಮಾತಾಡಕೂಡದು, ಹಟ ಮಾಡಿದರೆ ಇರುವ ದನಿಯೂ ಹೋಗುತ್ತದೆ ಎಂದರು. “ಆಗಸ್ಟ್ ಹದಿನೈದಕ್ಕೆ ಒಂದೇ ಒಂದು ದಿನ?” ಎಂದು ದೇವಮಿತ್ರರು ಕೇಳಿದರು. ಡಾಕ್ಟರು ಮುಂದಿನ ರೋಗಿಯನ್ನು ಒಳಗೆ ಕರೆದರು.

ಮನೆಗೆ ಬಂದು ಹೆಂಡತಿ ಸುಗುಣಳಿಗೆ, “ಬಿಸಿನೀರು ಕುಡೀಬೇಕಂತೆ” ಎಂದಷ್ಟೇ ಹೇಳಿದರು. ಸುಗುಣ ಬಿಸಿನೀರು ಕೊಟ್ಟಳು. ತನ್ನ ಕಡೆಯಿಂದ ಶುಂಠಿ, ಮೆಣಸು, ಜೇನು ಸೇರಿಸಿದಳು. ಶನಿವಾರಕ್ಕೆಂದು ದನಿ ಉಳಿಸಲು ದೇವಮಿತ್ರರು ವಾರವೆಲ್ಲ ಬಾಯಿ ಬಿಡುತ್ತಿರಲಿಲ್ಲ. ಗಂಡನಿಗೆ ಕೊನೆಗಾಲಕ್ಕಾದರೂ ತಾಳ್ಮೆ ಬಂತಲ್ಲ ಎಂದು ಅವಳು ಆರಾಧನೆಯಲ್ಲಿ ಸ್ತೋತ್ರ ಹೇಳಿ ಬಂದಳು. ದೇವಮಿತ್ರರಿಗೆ ಭಯವಾಗುತ್ತಿತ್ತು. ಕಮಾಂಡ್ ಕೊಡಲಾಗದವನು ಕ್ಯಾಪ್ಟನ್ ಅಲ್ಲ, ಕ್ಯಾಪ್ಟನ್ ಅಲ್ಲದಿದ್ದರೆ ತಾನು ಬೆರಳೊತ್ತುವ ಯಂತ್ರದ ಪಕ್ಕ ಕೂರುವ ಒಬ್ಬ ಮುದುಕ. ಲೆಕ್ಕ ಇಷ್ಟು ನೇರವಾಗಿತ್ತು.

ಗಂಟಲು ನಿಜವಾಗಿಯೂ ಕೆಟ್ಟಿದೆ ಎಂದು ಗುರುತಿಸಿದವಳು ಮೋನಿಕಾ ಒಬ್ಬಳೇ. ಮೋನಿಕಾ ಸಭೆಯ ಹುಡುಗಿ. ಹತ್ತಿರದ ಮಗ್ಗೆ ಊರಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಅವಳು ಮೈದಾನದಲ್ಲಿ ಕೂಗಿದರೆ ಆಚೆಯ ಗದ್ದೆಯಲ್ಲಿ ಮೇಯುವ ದನ ತಲೆ ಎತ್ತುತ್ತವೆ ಎಂದು ಮಗ್ಗೆಯವರು ಹೇಳುತ್ತಾರೆ. ಎರಡು ವರ್ಷದ ಹಿಂದೆ ಸಭಾಪಾಲಕರು ಅವಳನ್ನು ಕಂಪನಿಗೆ ಲೆಫ್ಟಿನೆಂಟ್ ಮಾಡಿದ್ದರು. ದೇವಮಿತ್ರರು ಬೇಡವೆನ್ನಲಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು, ಸಾಲಿನ ಹಿಂದೆ ನಡೆಯಲು ಹೇಳಿದ್ದರು. ಎರಡು ವರ್ಷದಿಂದ ನಡೆಯುತ್ತಿದ್ದಳು.

ಆಗಸ್ಟಿನ ಮೊದಲ ಶನಿವಾರ ಹುಡುಗರು ಹೋದಮೇಲೆ ಅವಳು ಚರ್ಚಿನ ಮೆಟ್ಟಿಲ ಮೇಲೆ ಕೂತು ಬ್ಯಾಂಡೇಜ್ ಸುತ್ತುತ್ತ ಕೇಳಿದಳು. “ಅಂಕಲ್, ಗಂಟಲು ಏನಾಗೈತೆ?”

“ಶೀತ.”

“ಕ್ರಿಸ್ಮಸ್ಸಿಂದ ಒಂದೇ ಶೀತನಾ?”

“ನಮ್ಮ ಕಡೆ ಶೀತ ಹಂಗೇ ಕಣಮ್ಮ. ಬಂದ್ರೆ ಹೋಗಲ್ಲ.”

“ಹದಿನೈದಕ್ಕೆ ಕಮಾಂಡ್ ನಾನು ಕೊಡ್ತೀನಿ. ನೀವು ಮುಂದೆ ನಡೀರಿ ಸಾಕು. ಯಾರಿಗೂ ಗೊತ್ತಾಗಲ್ಲ.”

“ಇದು ಹುಡುಗರ ಬ್ರಿಗೇಡು.”

“ನೀವೂ ಹುಡುಗ ಅಲ್ಲವಲ್ಲ ಅಂಕಲ್.”

ದೇವಮಿತ್ರರು ಪೀಪಿಯಂಥ ಸಣ್ಣ ದನಿಯಲ್ಲಿ, “ನನ್ನ ದನಿ ಬಿಟ್ರೆ ಅವ್ರು ಇನ್ಯಾರ ದನಿಗೂ ನಿಲ್ಲಲ್ಲ, ತಿಳ್ಕೋ” ಎಂದರು. ಹೆಮ್ಮೆಯಿಂದಲೇ ಅಂದರು.

“ನನ್ನ ಭಯಾನೂ ಅದೇ” ಎಂದು ಮೋನಿಕಾ ಪೆಟ್ಟಿಗೆ ಮುಚ್ಚಿದಳು.

ಸ್ವಾತಂತ್ರ್ಯ ದಿನ ಸಣ್ಣಗೆ ಜಿನುಗುತ್ತಿತ್ತು. ತಾಲ್ಲೂಕು ಮೈದಾನದಲ್ಲಿ ಪೊಲೀಸರು, ಹೋಮ್‌ಗಾರ್ಡ್, ಎನ್‌ಸಿಸಿ, ಶಾಲೆಗಳು, ಎಲ್ಲರ ಕೊನೆಗೆ ಬ್ರಿಗೇಡ್. ದೇವಮಿತ್ರರು ಮೂರು ದಿನದಿಂದ ಒಂದಕ್ಷರ ಆಡಿರಲಿಲ್ಲ. ಬೆಳಿಗ್ಗೆ ಸುಗುಣ ಕೊಟ್ಟ ಕಷಾಯವನ್ನು ಎರಡು ಲೋಟ ಕುಡಿದಿದ್ದರು. ‘ಕ್ವಿಕ್ ಮಾರ್ಚ್’ ಚೆನ್ನಾಗಿಯೇ ಬಂತು. ವೇದಿಕೆಯ ಎದುರು ಕತ್ತು ಬಲಕ್ಕೆ ತಿರುಗಿಸಲು ಹೇಳುವ ‘ಐಸ್ ರೈಟ್’ ಕೊಂಚ ಕೊರಕೊರ ಎಂದರೂ ಬಂತು. ಮೈಕಿನವನು “ಈಗ ಬರುತ್ತಿರುವುದು ನಮ್ಮೂರಿನ ಹೆಮ್ಮೆಯ ಬ್ರಿಗೇಡ್” ಎಂದ; ಜನ ಚಪ್ಪಾಳೆ ತಟ್ಟಿದರು. ಇನ್ನುಳಿದದ್ದು ಒಂದೇ ಕಮಾಂಡ್. ಮೈದಾನ ಸುತ್ತಿ ಗೇಟಿನ ಹತ್ತಿರ ತಮ್ಮ ಜಾಗಕ್ಕೆ ಬಂದು ನಿಂತರೆ ಮುಗಿಯಿತು.

ದೇವಮಿತ್ರರು ಪದ್ಧತಿಯಂತೆ ಪಕ್ಕಕ್ಕೆ ಸರಿದು ನಿಂತು, ಎದೆ ತುಂಬ ಉಸಿರೆಳೆದು ಬಾಯಿ ತೆರೆದರು. ಗಾಳಿ ಬಂತು. ಬರೀ ಗಾಳಿ.

ಇನ್ನೊಮ್ಮೆ ಪ್ರಯತ್ನಿಸಿದರು. ಈ ಸಲ ಗಾಳಿಯೂ ಸರಿಯಾಗಿ ಬರಲಿಲ್ಲ. ಹುಡುಗರು ಎದೆ ಮುಂದೆ ಮಾಡಿ, ಕಣ್ಣು ನೆಟ್ಟಗಿಟ್ಟು, ಡ್ರಮ್ ಬಾರಿಸುತ್ತ ಅವರನ್ನು ದಾಟಿ ನಡೆದರು. ಅತಿಥಿಗಳ ಕಾರು ಹೊರಡಲೆಂದು ಗೇಟನ್ನು ಅಗಲವಾಗಿ ತೆರೆದಿಟ್ಟಿದ್ದರು. ಕಂಪನಿ ಗೇಟಿನಿಂದ ಹೊರಗೆ ಹೋಯಿತು.

ಮೈಕಿನವನು ಕಾರ್ಯಕ್ರಮದ ಪಟ್ಟಿಯನ್ನು ತಿರುವಿ ನೋಡಿದ. ಮೊದಲು ಎಚ್ಚೆತ್ತ ಪೊಲೀಸಿನವರು “ಹಾಲ್ಟ್” ಎಂದರು. ಸಭಾಪಾಲಕರು ಬಿಳಿ ಅಂಗಿಯ ತುದಿ ಎತ್ತಿ ಹಿಡಿದು ಓಡಿ ಬಂದು “ಹಾಲ್ಟ್, ದಯವಿಟ್ಟು ಹಾಲ್ಟ್” ಎಂದರು. ಹುಡುಗರ ತುಟಿ ಬಿಗಿಯಾಯಿತು, ನಗು ತಡೆಯಲು. ಇಷ್ಟು ದೊಡ್ಡ ಕಳ್ಳ ಹಾಲ್ಟ್ ಅವರು ಕಂಡಿರಲಿಲ್ಲ. ಸಾರ್ ಪೊಲೀಸರನ್ನೂ ಸೇರಿಸಿಕೊಂಡಿದ್ದಾರೆ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಹೆಜ್ಜೆ ಹಾಕಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಗಂಗಾಮಣಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಏ ಲೋಹಿ, ನಿಂತ್ಕಳೋ, ಎಲ್ಲಿಗೆ ಹೊಂಟ್ಬುಟ್ರಿ ಎಲ್ಲ” ಎಂದಳು. ಹೆತ್ತ ತಾಯಿಯನ್ನೂ ಬಿಟ್ಟಿಲ್ಲವಲ್ಲ ಎಂದು ಲೋಹಿತ್ ಗದ್ದ ಇನ್ನೂ ಮೇಲೆತ್ತಿದ.

ಅಂಗಡಿಯ ಮುಂದೆ ಬಾವುಟ ಕಟ್ಟಿಸುತ್ತಿದ್ದ ವಹಾಬ್ ಮೆರವಣಿಗೆಯನ್ನು ನೋಡಿದವರೇ ವಿಷಯ ಅರ್ಥಮಾಡಿಕೊಂಡರು, ಅಂದರೆ ತಪ್ಪಾಗಿ ಅರ್ಥಮಾಡಿಕೊಂಡರು. ತಮ್ಮ ಪಾಲಿನ ಕೆಲಸ ಬಾಕಿ ಉಳಿಯಬಾರದೆಂದು ಕೈ ಬಾಯಿಗೆ ಹಿಡಿದು ಮೂರು ಬಗೆಯ ಹಾಲ್ಟ್ ಕೂಗಿದರು. ಮಗ ಉಮೇರ್ ಅಪ್ಪನ ಕಡೆ ನೋಡದೆ ಡ್ರಮ್ಮಿಗೆ ಗುದ್ದಿದ. ಸಾಲಿನ ಪಕ್ಕ ಮಂಡಿನೋವಿನಲ್ಲಿ ಕುಂಟುತ್ತ ಓಡುತ್ತಿದ್ದ ದೇವಮಿತ್ರರಿಗೆ ವಹಾಬ್, “ಕ್ಯಾಪ್ಟನ್ರೆ, ಈ ಸಲ ಭಾರಿ ಜೋರಾಗಿ ಮಾಡ್ಬುಟ್ರಿ ಮಾರಾಯ್ರೆ” ಎಂದರು. ದೇವಮಿತ್ರರು ಬಾಯಿ ಅಲ್ಲಾಡಿಸಿದರು. ವಹಾಬ್ ಅದನ್ನು ಧನ್ಯವಾದ ಎಂದುಕೊಂಡರು.

ಒಬ್ಬನೇ ಒಬ್ಬ ಹುಡುಗನೂ ನಿಂತಿರಲಿಲ್ಲ. ದೇವಮಿತ್ರರಿಗೆ ಭಯವಾಯಿತು. ಅದರ ಜೊತೆಗೆ ಸಂತೋಷವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಇಡೀ ಸಕಲೇಶಪುರ ಕೂಗುತ್ತಿದೆ, ತನ್ನ ಹುಡುಗರು ತನಗಾಗಿ ಕಾಯುತ್ತಿದ್ದಾರೆ. ಆ ಸಂತೋಷ ಹೆದ್ದಾರಿಯವರೆಗೆ ಉಳಿಯಿತು.

ಹೆದ್ದಾರಿಯಲ್ಲಿ ಬಾಳ್ಳುಪೇಟೆ ಕಡೆಯಿಂದ ಲೋಡು ತುಂಬಿದ ಲಾರಿ ಬರುತ್ತಿತ್ತು. ಕಂಪನಿ ಬಾಳ್ಳುಪೇಟೆ ಕಡೆಗೆ ತಿರುಗಿತು. ಒದ್ದೆ ರಸ್ತೆಯಲ್ಲಿ ಲಾರಿ ಬ್ರೇಕ್ ಹಾಕಿ, ಓರೆಯಾಗಿ ರಸ್ತೆಯ ಬದಿಗೆ ಜಾರಿ, ಮುಂದಿನ ಸಾಲಿಗೆ ಒಂದು ಆಳುದ್ದ ದೂರದಲ್ಲಿ ನಿಂತಿತು. ಲೋಹಿತ್ ಲಾರಿಯ ಕಡೆ ಕಣ್ಣು ಹೊರಳಿಸಲಿಲ್ಲ, ಏಕೆಂದರೆ ಸಾಲಿನಲ್ಲಿರುವವನು ಅಕ್ಕಪಕ್ಕ ನೋಡುವಂತಿಲ್ಲ. ಲಾರಿಯ ಬದಿಯಿಂದ ಸರಿದು ಮುಂದೆ ನಡೆದ. ಕೊನೆಯ ಸಾಲಿನ ಚಿಕ್ಕವನ ಒಂದು ಶೂ ಎಲ್ಲೋ ಕೆಸರಿನಲ್ಲಿ ಕಳಚಿತ್ತು. ಜಲ್ಲಿಕಲ್ಲಿನ ಮೇಲೆ ಕಾಲುಚೀಲದಲ್ಲೇ ಹೆಜ್ಜೆ ಹಾಕುತ್ತಿದ್ದ, ಸರಿಯಾಗಿ ಎಲ್ಲರ ಎಡಗಾಲಿಗೆ ತನ್ನ ಎಡಗಾಲು. ಆ ಕಾಲುಚೀಲ ನೋಡಿದಾಗ ದೇವಮಿತ್ರರ ಸಂತೋಷ ಅಲ್ಲಿಗೇ ಸತ್ತಿತು. ನಾಚಿಕೆಯಾಯಿತು.

ಅವರು ಹೇಗೋ ಮುಂದೆ ಓಡಿ, ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತರು. ಎದುರಿಗೆ ಅಡ್ಡ ಬಂದರೆ ನಿಂತಲ್ಲೇ ಹೆಜ್ಜೆ ಹಾಕಬೇಕು ಎಂಬುದು ಡ್ರಿಲ್ಲಿನ ನಿಯಮ. ಹುಡುಗರು ನಿಂತಲ್ಲೇ ಮಂಡಿ ಎತ್ತಿ ಇಳಿಸತೊಡಗಿದರು. ಎಡ, ಬಲ, ಎಡ, ಬಲ. ಡ್ರಮ್ ನಿಲ್ಲಲಿಲ್ಲ. ಲಾರಿಯ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು, ಎಲ್ಲಕ್ಕೂ ಹಾರ್ನ್. ದೇವಮಿತ್ರರು ಲೋಹಿತನ ಕಿವಿಯ ಹತ್ತಿರ ಬಾಯಿ ತಂದು ಹಾಲ್ಟ್ ಎಂದು ಉಸುರಿದರು. ಲೋಹಿತನ ಕಣ್ಣು ನೇರ ಮುಂದಿತ್ತು. ಅವನ ಕಿವಿ ಬೇರೊಂದು ದನಿಗಾಗಿ ಕಾಯುತ್ತಿತ್ತು.

ಅಷ್ಟರಲ್ಲಿ ಮೋನಿಕಾ ಪೆಟ್ಟಿಗೆ ಹಿಡಿದು ಸಾಲಿನ ಹಿಂದಿನಿಂದ ಓಡಿ ಬಂದಳು. ಬಂದವಳೇ, “ಕಂಪನಿ, ಹಾಲ್ಟ್” ಎಂದಳು. ಲಾರಿಯ ಡ್ರೈವರು ಎಂಜಿನ್ ಆಫ್ ಮಾಡಿದ. ಬಸ್ಸಿನಿಂದ ಇಳಿಯುತ್ತಿದ್ದವರು ಮೆಟ್ಟಿಲ ಮೇಲೆ ನಿಂತರು. ಹುಡುಗರು ಮಾತ್ರ ನಿಲ್ಲಲಿಲ್ಲ.

ಮೋನಿಕಾ ದೇವಮಿತ್ರರನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. “ನಾನು ಹೇಳಿದ್ರೆ ನಿಲ್ಲಲ್ಲ ಅಂಕಲ್. ನೀವು ಕಲಿಸಿರೋದೇ ಹಂಗೆ. ಏನಾದ್ರೂ ಮಾಡಿ.”

ದೇವಮಿತ್ರರಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಸುತ್ತ ನೋಡಿದರು. ಸಭಾಪಾಲಕರು ಏದುಸಿರು ಬಿಡುತ್ತ ಬಂದಿದ್ದರು, ಗಂಗಾಮಣಿ ಸೌಟಿನ ಸಮೇತ ಬಂದಿದ್ದಳು, ತಪ್ಪು ತಿಳಿದು ಮುಖ ಸಪ್ಪಗಾದ ವಹಾಬ್ ಬಂದಿದ್ದರು, ಊರೇ ಬಂದಿತ್ತು. ಚಿಕ್ಕವನ ಕಾಲುಚೀಲ ಕಲ್ಲಿನ ಮೇಲೆ ಏಳುತ್ತ ಬೀಳುತ್ತ ಇತ್ತು. ಇನ್ನು ತಡಮಾಡುವುದು ಪಾಪ ಎನಿಸಿತು. ಅವರು ಟೋಪಿ ಸರಿಮಾಡಿಕೊಂಡು, ಹುಡುಗರೆಲ್ಲರಿಗೂ ಕಾಣುವಂತೆ ಮೋನಿಕಾಳ ಎದುರಿಗೆ ಬಂದು, ಹಿಮ್ಮಡಿ ಕೂಡಿಸಿ ನಿಂತು, ಸೆಲ್ಯೂಟ್ ಮಾಡಿದರು. ಕಮಾಂಡ್ ಒಪ್ಪಿಸುವುದು ಹೀಗೆ ಎಂದು ಹುಡುಗರಿಗೆ ಕಲಿಸಿದ್ದವರು ಅವರೇ.

ಮೋನಿಕಾಳ ಕೈಯಲ್ಲಿ ಪೆಟ್ಟಿಗೆ ಇತ್ತು. ಅದನ್ನು ಲಾರಿಯ ಡ್ರೈವರಿಗೆ ಕೊಟ್ಟು, ಸೆಲ್ಯೂಟ್ ಮರಳಿಸಿದಳು. ಆಮೇಲೆ ಹುಡುಗರ ಕಡೆ ತಿರುಗಿದಳು. “ಕಂಪನಿ, ಹಾಲ್ಟ್.”

ಲೋಹಿತನ ಕಣ್ಣು ಮೊದಲ ಸಲ ಪಕ್ಕಕ್ಕೆ ಹೊರಳಿ ದೇವಮಿತ್ರರನ್ನು ಹುಡುಕಿತು. ದೇವಮಿತ್ರರು ಕೈ ಇಳಿಸಿರಲಿಲ್ಲ. ಮಳೆಯ ಹನಿ ಅವರ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಒಂದು ಹೆಜ್ಜೆ, ಎರಡನೆಯ ಹೆಜ್ಜೆ. ಎಲ್ಲ ಬೂಟುಗಳೂ ಒಟ್ಟಿಗೆ ನೆಲಕ್ಕೆ ಬಿದ್ದವು, ಡ್ರಮ್ ನಿಂತಿತು.

ಆಮೇಲಿನದು ಅವಳ ಕೆಲಸ. ಚಿಕ್ಕವನ ಕಾಲು ನೋಡಿದಳು, ತರಚಿದ ಗಾಯ ತೊಳೆದು ಪಟ್ಟಿ ಕಟ್ಟಿದಳು, ವಹಾಬರ ಚಪ್ಪಲಿಯನ್ನೇ ಬಿಚ್ಚಿಸಿ ಆ ಪಾದಕ್ಕೆ ಕಟ್ಟಿದಳು. ದೇವಮಿತ್ರರು ರಸ್ತೆಯ ನಡುವೆ, ಸಾಲಿಗೂ ಸೇರದೆ ಜನಕ್ಕೂ ಸೇರದೆ ನಿಂತಿದ್ದರು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಗುಣ ಎಲ್ಲಿಂದಲೋ ಬಂದು ಛತ್ರಿ ಹಿಡಿಯಲು ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಅವರ ಗಂಟಲನ್ನೇ ನೋಡುತ್ತಿದ್ದಳು. “ಬಿಸಿನೀರು ಅಂದ್ರಲ್ರೀ” ಎಂದಳು, ಅಷ್ಟೇ.

ಮೋನಿಕಾ ಎದ್ದು ಸಾಲನ್ನು ಒಮ್ಮೆ ನೋಡಿ, ಅವರ ಕಡೆ ತಿರುಗಿದಳು. ಈ ಸಲ ಅಂಕಲ್ ಎನ್ನಲಿಲ್ಲ. “ಕ್ಯಾಪ್ಟನ್, ಫಾಲ್ ಇನ್” ಎಂದಳು.

ದೇವಮಿತ್ರರು ಹೋಗಿ ಕೊನೆಯ ಸಾಲಿನಲ್ಲಿ, ಚಪ್ಪಲಿ ಕಟ್ಟಿಕೊಂಡ ಹುಡುಗನ ಪಕ್ಕ ನಿಂತರು. ಹುಡುಗ ತೋಳು ಚಾಚಿ ಅಂತರ ಅಳೆದು, ಒಂದು ಚೂರು ಆಚೆ ಸರಿದು ಜಾಗ ಕೊಟ್ಟ. ಮೋನಿಕಾ ಕ್ವಿಕ್ ಮಾರ್ಚ್ ಹೇಳಿದಳು. ಸಾಲನ್ನು ಸುತ್ತು ಹಾಕಿಸಿ ಪೇಟೆಯ ಕಡೆ ತಿರುಗಿಸಿದಳು. ಅವಳ ‘ಲೆಫ್ಟ್’ ಕೂಗು ಮುಂದಿನಿಂದ ಬರುತ್ತಿತ್ತು, ದೇವಮಿತ್ರರ ಎಡಗಾಲು ತಾನಾಗಿಯೇ ಏಳುತ್ತಿತ್ತು. ಕೂಗುವುದಕ್ಕೆ ಉಸಿರು ಕೂಡಿಡಬೇಕಾಗಿರಲಿಲ್ಲ. ಕ್ರಿಸ್ಮಸ್ಸಿನಿಂದ ಈಚೆಗೆ ಮೊದಲ ಸಲ ಗಂಟಲು ಉರಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡು ದಾಟುವಾಗ ಅವರಿಗೆ ಅಳು ಬಂತು. ಮಾರ್ಚ್ ಮಾಡುವವನು ಕೈ ಎತ್ತಿ ಮುಖ ಒರೆಸಿಕೊಳ್ಳುವಂತಿಲ್ಲ. ಅವರು ಒರೆಸಿಕೊಳ್ಳಲಿಲ್ಲ.